ವಾಗ್ದೋಷ ಸಂಶೋಧನೆಯಲ್ಲಿ ಮನೆಮಾತಿನ ನಿರ್ದೇಶ

೧೯೬೫ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾದಂದಿನಿಂದ ವಾಗ್ದೋಷಗಳ ಪರಿಶೀಲನೆಯು ನಮ್ಮ ನಾಡಿನಲ್ಲಿ ಶಾಸ್ತ್ರಪದವಿಗೇರಿರುವುದು ವಿದ್ವಜ್ಜನರಿಗೆ ವಿದಿತವೇ. ಆದರೆ ಪ್ರಬಂಧಕಾರನು ಪರೀಕ್ಷಿತರನ್ನು ‘ಕನ್ನಡಿಗರು’ ಎಂದಷ್ಟೇ ಹೇಳಿ ವಿರಮಿಸಿದರೆ ಆ ಶಾಸ್ತ್ರವು ಪೂರ್ಣವಾಗದು. ಉದಾಹರಣೆಗೆ, ಚಿಕ್ಕಮಗಳೂರು ಸೀಮೆಯ ಮೂಡಿಗೆರೆ, ಕಳಸಗಳ ಕಾಫಿತೋಟಗಳಲ್ಲಿ ಕನ್ನಡ, ತುಳು, ತಮಿಳು ಮನೆಮಾತಿನವರು ಕೂಡಿ ಬಾಳುವರು. ತಮಿಳು ತುಳುಗಳ ದೇಶ್ಯಪದಗಳಲ್ಲಿ ಮಹಾಪ್ರಾಣಗಳಿಲ್ಲ. ಹಾಲನ್ನು ‘ಆಲು’ ಎನ್ನುವ ಆಡುನುಡಿಗಳು ಕನ್ನಡದಲ್ಲಿಯೇ ಉಂಟು. ಇಂತಹ ಮನೆಯ ಮಗುವು ‘ಧನ’ವನ್ನು ‘ದನ’ವೆಂದರೆ ಅದು ನಾಲಗೆಯ ರೋಗವೆನ್ನಲಾಗದು, ಮನೆಯ ರೂಢಿಯಿರಬಹುದು. ಈ ಭೇದವನ್ನರಿಯದ ಪರೀಕ್ಷಕನು ಆರೋಗ್ಯವಂತನನ್ನು ರೋಗಿಯೆಂದೆಣಿಸುವನು. ನಿಜವಾದ ದೋಷವನ್ನು ರೂಢಿಯೆಂದು ಕಡೆಗಣಿಸಲೂಬಹುದು.

ಪತಂಜಲಿಯು ಮಹಾಭಾಷ್ಯದಲ್ಲಿ ಯರ್ವಾಣಸ್ತರ್ವಾಣರೆಂಬ ಋಷಿಗಳನ್ನು ಸ್ಮರಿಸುವನು. ಅವರು ಲೋಕವ್ಯವಹಾರದಲ್ಲಿ ಅಪಶಬ್ದವನ್ನಾಡಿದರೂ ಯಜ್ಞಕರ್ಮದಲ್ಲಿ ಶುದ್ಧವಾಗಿಯೇ ನುಡಿಯುತ್ತಿದ್ದರು. ರೂಢಿ ಬೇರೆ, ಅಶಕ್ತಿ ಬೇರೆ ಎಂಬ ವಿವೇಕವು ಇದರಿಂದ ದೊರೆಯುವುದು.

ಹಾಗೆಂದು ಜಾತಿಯ ಹೆಸರೊಂದನ್ನೇ ಬರೆದರೆ ದೋಷವನ್ನು ಕುಲಕ್ಕೆ ಅಂಟಿಸಿದಂತಾದೀತು. ಆದಕಾರಣ ಮನೆಮಾತು, ಊರು, ಕಲಿತ ಭಾಷೆಗಳು, ಪರೀಕ್ಷಿತರು ತಾವೇ ಹೇಳಿಕೊಂಡ ಸಮುದಾಯ ಇವುಗಳನ್ನೂ, ಅವನ್ನು ಕೇಳಿದುದರ ಕಾರಣವನ್ನೂ ನಮೂದಿಸುವುದು ಸಂಶೋಧಕನ ಧರ್ಮವೆಂದು ನಮ್ಮ ಅಭಿಪ್ರಾಯ.