‘ಪ್ಯಾನಾಪ್ಟೋಸಿಸ್’ ವಾದ: ಒಂದು ವಿಮರ್ಶೆ

ಬೀದರ ನಗರದ ಅಂಚಿನ ನೌಬಾದಿನಲ್ಲಿ ಬಹಮನೀ ಕಾಲದ ಸುರಂಗಬಾವಿಯುಂಟು. ಮೇಲೆ ನೋಡಿದವರಿಗೆ ಬಾಯಿಗಳು ಹಲವು. ಕೆಳಗೆ ಕಾಲುವೆ ಒಂದೇ. ಜೀವಕೋಶಗಳ ಮರಣವನ್ನು ಕುರಿತು ತಿರುಮಲಾದೇವಿ ಕನ್ನೆಗಂಟಿ ಮತ್ತು ಸಂಗಡಿಗರು 2019ರಲ್ಲಿ ಮುಂದಿಟ್ಟ ‘ಪ್ಯಾನಾಪ್ಟೋಸಿಸ್’ ವಾದವೂ ಇಂಥದೇ. ಸಿಡಿದು ಉರಿಯೂತವೆಬ್ಬಿಸುವ ಪೈರಾಪ್ಟೋಸಿಸ್, ಸದ್ದಿಲ್ಲದೆ ಮುದುಡಿ ಅಳಿಯುವ ಅಪಾಪ್ಟೋಸಿಸ್, ಪೊರೆಯೊಡೆದು ಸಾಯುವ ನೆಕ್ರಾಪ್ಟೋಸಿಸ್, ಈ ಮೂರೂ ಒಳಗೆ ಕೂಡಿವೆಯೆಂಬುದು ಅವರ ಮತ.

ಆಧಾರ ದುರ್ಬಲವಲ್ಲ. ಟಿಎನ್‌ಎಫ್ ಮತ್ತು ಗಾಮಾ ಇಂಟರ್‌ಫೆರಾನ್ ಒಂದೊಂದಾಗಿ ಕೊಲ್ಲದ ಇಲಿಯ ಭಕ್ಷಕ ಕೋಶಗಳನ್ನು ಜೊತೆಗೂಡಿ ಕೊಲ್ಲುತ್ತವೆ. ಒಂದು ದಾರಿಯನ್ನಷ್ಟೇ ಮುಚ್ಚಿದರೆ ಸಾವು ನಿಲ್ಲದು. ಕ್ಯಾಸ್ಪೇಸ್-8, ರಿಪ್‌ಕೆ-3 ಎರಡನ್ನೂ ತೆಗೆದರೆ ನಿಲ್ಲುತ್ತದೆ. ಟಿಎನ್‌ಎಫ್, ಗಾಮಾ ಇಂಟರ್‌ಫೆರಾನ್ ಎರಡನ್ನೂ ತಡೆದಾಗ ಕೋವಿಡ್ ತಗುಲಿದ ಇಲಿಗಳು ಹೆಚ್ಚು ಉಳಿದುವೆಂದು 2021ರ ವರದಿ.

ಆದರೆ ಈ ಅಳತೆಗಳಲ್ಲಿ ಹೆಚ್ಚಿನವು ಅಸಂಖ್ಯ ಕೋಶಗಳನ್ನು ಒಟ್ಟಿಗೆ ಅರೆದು ಪಡೆದವು. ಒಂದೇ ಕೋಶ ಮೂರು ದಾರಿ ಹಿಡಿಯಿತೋ, ಮೂರು ಕೋಶಗಳು ಒಂದೊಂದು ದಾರಿ ಹಿಡಿದುವೋ, ಅರೆದ ಮೇಲೆ ತಿಳಿಯದು. ಮೊದಲಿನದಾದರೆ ಸುರಂಗ; ಎರಡನೆಯದಾದರೆ ಬರಿಯ ನೆರೆಬಾವಿಗಳು! ಚಿಕಿತ್ಸೆಗೆ ಈ ಭೇದವೇ ಮುಖ್ಯ. ಭಾಲ್ಕಿ, ಔರಾದಗಳಿಂದ ಬೀದರಕ್ಕೆ ತಡವಾಗಿ ಬರುವ ರೋಗಿಯ ಪುಪ್ಪುಸದಲ್ಲಿ ಯಾವ ದಾರಿ ಮೊದಲು ತೆರೆಯಿತೆಂದು ಈ ಹೆಸರು ಹೇಳಲಾರದು. ಶವಪರೀಕ್ಷೆಯಾದರೂ ಕೊನೆಯನ್ನಷ್ಟೇ ತೋರಿಸುತ್ತದೆ.