ಒಂದೇ ಜಾಗದಲ್ಲಿ ಎರಡು ರಾತ್ರಿ

ಕಲ್ಯಾಣ, ಡೊಂಬಿವಲಿ, ಠಾಣೆಯ ಚಾರಣಿಗರಿಗೆ ಹರಿಶ್ಚಂದ್ರಗಡ, ನಾಣೇಘಾಟ್, ಮಲಂಗಗಡ ಯಾವುದೂ ಹೊಸದಲ್ಲ. ಕಚ್ಛದ ರಣವನ್ನೂ ಕಂಡು ಬಂದವರು ಈಗ ನಮೀಬಿಯಾದ ಮಾತೆತ್ತುತ್ತಿದ್ದಾರೆ. ಫೋರ್ ವೀಲ್ ಡ್ರೈವ್ ಗಾಡಿ ಬಾಡಿಗೆಗೆ ಹಿಡಿದು, ಟೆಂಟು, ಒಲೆ, ನೀರು ಎಲ್ಲವನ್ನೂ ಅದರಲ್ಲೇ ತುಂಬಿಕೊಂಡು ಮರುಭೂಮಿ ಸುತ್ತುವ ಪ್ರವಾಸ. ಕೇಳಿದಾಗಲೆಲ್ಲ ನನಗೆ ಸಂತೋಷ. ಅವರು ಬರೆದಿಟ್ಟುಕೊಂಡ ದಿನಚರಿ ನೋಡಿದಾಗ ಮಾತ್ರ ಸಂಕಟ: ಹತ್ತು ರಾತ್ರಿಗೆ ಹತ್ತು ಜಾಗ. ಈ ವಾರ ನಾನು ಹೇಳಬೇಕೆಂದಿರುವುದು ಇಷ್ಟು. ಯಾವ ಜಾಗವನ್ನು ಬೇಕಾದರೂ ಬಿಡಿ. ಆದರೆ ಮರುಭೂಮಿಯಲ್ಲಿ ಒಂದು ಕಡೆ ಟೆಂಟು ಹೊಡೆದಿರೋ, ಅಲ್ಲಿ ಎರಡು ರಾತ್ರಿ ಇರಿ.

ನಕ್ಷೆ ನೋಡಿ ಮೋಸ ಹೋಗುವುದು ಸುಲಭ. ನಮೀಬಿಯಾದ ವಿಸ್ತೀರ್ಣ ಕರ್ನಾಟಕದ ನಾಲ್ಕು ಪಟ್ಟಿಗೂ ಹೆಚ್ಚು. 2023ರ ಜನಗಣತಿಯಂತೆ ಇಡೀ ದೇಶದ ಜನಸಂಖ್ಯೆ ಸುಮಾರು 30 ಲಕ್ಷ. ನಮ್ಮ ಠಾಣೆ ಮತ್ತು ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಗಳೆರಡರಲ್ಲೇ 2011ರಲ್ಲಿ ಅಷ್ಟು ಜನರಿದ್ದರು. ನಮೀಬಿಯಾದಲ್ಲಿ ಊರುಗಳ ನಡುವೆ ಪೆಟ್ರೋಲ್ ಬಂಕು ಕೂಡ ಅಪರೂಪ. ಹೆಚ್ಚಿನ ದಾರಿ ಜಲ್ಲಿಯದು. ರಾಜಧಾನಿ ವಿಂಡ್‌ಹೂಕ್‌ನಿಂದ ನಮೀಬ್ ಮರುಭೂಮಿಯ ಉದ್ಯಾನದ ಹೆಬ್ಬಾಗಿಲಾದ ಸೆಸ್ರೀಮ್‌ಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್, ಆದರೆ ಐದು ಗಂಟೆ ಹಿಡಿಯುತ್ತದೆ. ಜಲ್ಲಿಯ ಮೇಲೆ ಗಂಟೆಗೆ 80 ಕಿ.ಮೀ. ಮೀರಿದರೆ ತಿರುವಿನಲ್ಲಿ ಗಾಡಿ ಜಾರಿ ಮಗುಚಿಕೊಳ್ಳುತ್ತದೆ. ಕತ್ತಲಾದ ಮೇಲೆ ಓರಿಕ್ಸ್, ಕೂಡೂಗಳು ರಸ್ತೆಗೆ ಬರುತ್ತವೆ. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಶಿಬಿರ ಸೇರಲೇಬೇಕು. ದಿನವೂ ಹೊಸ ಜಾಗ ಹಿಡಿದವನಿಗೆ ಮುಂಜಾವೆಲ್ಲ ಗಂಟುಮೂಟೆ ಕಟ್ಟುವುದರಲ್ಲಿ, ಹಗಲೆಲ್ಲ ಧೂಳಿನಲ್ಲಿ ಹೋಗುತ್ತದೆ. ಮರುಭೂಮಿ ಕಾಣಸಿಗುವುದು ಸೂರ್ಯೋದಯದ ಹಿಂದುಮುಂದಿನ ಎರಡು ಗಂಟೆ, ಸೂರ್ಯಾಸ್ತದ ಹಿಂದುಮುಂದಿನ ಎರಡು ಗಂಟೆ. ಆ ಹೊತ್ತನ್ನೇ ಅವನು ಕಳೆದುಕೊಳ್ಳುತ್ತಾನೆ.

ಸೆಸ್ರೀಮ್‌ನ ವ್ಯವಸ್ಥೆಯನ್ನೇ ನೋಡಿ. ಉದ್ಯಾನದ ಒಳಗೆ, ಸರಕಾರಿ ಶಿಬಿರದಲ್ಲಿ ತಂಗಿದವರಿಗೆ ಒಳಗೇಟು ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ತೆರೆಯುತ್ತದೆ. ಹೊರಗಿನ ವಸತಿಗೃಹದವರು ಸೂರ್ಯ ಹುಟ್ಟುವವರೆಗೆ ಕಾಯಬೇಕು. ಅಲ್ಲಿಂದ 60 ಕಿ.ಮೀ. ಡಾಂಬರು, ಕೊನೆಯ 5 ಕಿ.ಮೀ. ಬರಿಯ ಮರಳು. ಆಚೆ ಡೆಡ್‌ವ್ಲೇ. ತ್ಸೌಚಾಬ್ ನದಿಯ ನೀರು ಒಂದು ಕಾಲದಲ್ಲಿ ಅಲ್ಲಿಯವರೆಗೆ ಬರುತ್ತಿತ್ತು. ದಿಬ್ಬಗಳು ಅಡ್ಡ ಬಂದವು, ನೀರು ನಿಂತಿತು, ಜಾಲಿಯ ಬಳಗದ ಮರಗಳು ಒಣಗಿದವು. ಅವು ಸತ್ತು ಕೆಲವು ಶತಮಾನಗಳೇ ಆದವು. ಕೊಳೆಯುವಷ್ಟು ತೇವವೂ ಇಲ್ಲದ್ದರಿಂದ ಬೆಳ್ಳಗಿನ ಜೇಡಿನೆಲದ ಮೇಲೆ ಕಪ್ಪಗೆ ಹಾಗೆಯೇ ನಿಂತಿವೆ. ಮೊದಲ ದಿನ ಎಲ್ಲರೂ ಅಲ್ಲಿ ಫೋಟೋ ತೆಗೆಯುತ್ತಾರೆ. ಎರಡನೆಯ ಬೆಳಗು ಹೋದವರು ಕ್ಯಾಮೆರಾ ಚೀಲದಲ್ಲಿಟ್ಟು ಮರಳಿನ ಮೇಲಿನ ಹೆಜ್ಜೆಗುರುತು ಓದುತ್ತಾರೆ: ಇಲ್ಲಿ ಜೀರುಂಡೆ, ಇಲ್ಲಿ ಹಲ್ಲಿ, ಇಲ್ಲಿ ನರಿ, ಇಲ್ಲಿಗೆ ಜೀರುಂಡೆಯ ಗುರುತು ಮುಗಿಯಿತು.

ಎರಡು ರಾತ್ರಿ ಎಂದು ಗೊತ್ತಾದ ಕೂಡಲೇ ಸಾಮಾನಿನ ಆಯ್ಕೆಯೂ ಬದಲಾಗುತ್ತದೆ. ಬಾಡಿಗೆಯವರು ಗಾಡಿಯ ನೆತ್ತಿಯ ಮೇಲೆ ಮಡಚುವ ಟೆಂಟನ್ನು ಒತ್ತಾಯಿಸುತ್ತಾರೆ. ನೋಡಲು ಚೆಂದ. ಆದರೆ ನಸುಕಿನಲ್ಲಿ ಗಾಡಿ ಕದಲಬೇಕಾದರೆ ಹಾಸಿಗೆ ಸಮೇತ ಅದನ್ನು ಮಡಚಬೇಕು. ನೆಲದ ಟೆಂಟನ್ನು ಹಾಗೆಯೇ ಬಿಟ್ಟು ಹೊರಡಬಹುದು. ಸೆಸ್ರೀಮ್‌ನಲ್ಲೂ ಬಂಡೆಬೆಟ್ಟಗಳ ಸ್ಪಿಟ್ಜ್‌ಕೋಪ್‌ನಲ್ಲೂ ನನ್ನ ಮತ ನೆಲದ ಟೆಂಟಿಗೆ. ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳಿದರೆ ಗಾಳಿಗೂ ಅಲ್ಲಾಡುವುದಿಲ್ಲ.

ಚಕ್ರದ ಗಾಳಿಯ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಅರ್ಧ ಕೇಳಬೇಡಿ. ಡಾಂಬರಿನ ಮೇಲೆ 32 ಪಿಎಸ್‌ಐ ಇದ್ದರೆ ಜಲ್ಲಿಗೆ 26ರಿಂದ 28, ಮೆತ್ತನೆ ಮರಳಿಗೆ 18ರಿಂದ 20. ಗಾಳಿ ಇಳಿಸಿದಾಗ ಟೈರು ಉದ್ದಕ್ಕೆ ಹರಡಿ, ಭಾರ ಹೆಚ್ಚು ನೆಲದ ಮೇಲೆ ಹಂಚಿ, ಹೂತುಕೊಳ್ಳದೆ ಸಾಗುತ್ತದೆ. ಹೂತುಕೊಂಡರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಗುಂಡಿ ಆಳ. ಇಳಿದು, ಚಕ್ರದ ಸುತ್ತಲಿನ ಮರಳು ಕೈಯಿಂದ ಗೋರಿ, ಇನ್ನಷ್ಟು ಗಾಳಿ ಬಿಟ್ಟು, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಮರಳು ದಾಟಿದ ಮೇಲೆ ಕಂಪ್ರೆಸರ್‌ನಿಂದ ಮತ್ತೆ ತುಂಬಿಸಿಕೊಳ್ಳಬೇಕು. ಅದಿಲ್ಲದ ಗಾಡಿಯನ್ನು ಬಾಡಿಗೆಗೆ ತೆಗೆದುಕೊಳ್ಳಲೇಬೇಡಿ.

ನಮಗೆ, ಉಲ್ಹಾಸ್ ನದಿಯ ದಂಡೆಯವರಿಗೆ, ಈ ಶುಷ್ಕತೆಯ ಅಳತೆ ಸಿಗುವುದು ಮಳೆಯಿಂದಲೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಸುರಿಯಿತು, ಅಂದು ಕಲ್ಯಾಣ ಏನಾಯಿತೆಂದು ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಮೀಬ್ ಕರಾವಳಿಯ ಸ್ವಾಕೊಪ್‌ಮುಂಡ್‌ಗೆ ವರ್ಷಕ್ಕೆ 20 ಮಿ.ಮೀ. ಕೂಡ ಕಷ್ಟ. ಅಂದರೆ ನಮ್ಮ ಆ ಒಂದು ದಿನದ ಮಳೆ ಅವರಿಗೆ ಅರ್ಧ ಶತಮಾನದ್ದು. ಅದೂ ಕಡಲ ದಂಡೆಯ ಊರಿಗೆ! ದಕ್ಷಿಣದಿಂದ ಹರಿದು ಬರುವ ತಣ್ಣನೆಯ ಬೆಂಗ್ವೆಲಾ ಪ್ರವಾಹ ಕಡಲಿನ ಮೇಲಿನ ಗಾಳಿಯನ್ನು ತಂಪಾಗಿಸಿ ಕೆಳಗೇ ಹಿಡಿದಿಡುತ್ತದೆ. ಮೋಡ ಮೇಲೇರದು, ಮಳೆಯಾಗದು, ಮಂಜು ಮಾತ್ರ ಒಳನಾಡಿಗೆ ತೆವಳುತ್ತದೆ. ಅದನ್ನೇ ನಂಬಿ ಬದುಕುವ ಕಪ್ಪು ಜೀರುಂಡೆಯೊಂದಿದೆ. ದಿಬ್ಬದ ನೆತ್ತಿಗೇರಿ, ತಲೆ ಕೆಳಗೆ ಮಾಡಿ ನಿಂತು, ಬೆನ್ನಿನ ಮೇಲೆ ಹನಿಗಟ್ಟಿದ ಮಂಜು ಬಾಯಿಗೆ ಇಳಿಯುವವರೆಗೆ ಕಾಯುತ್ತದೆ. ಗೋಬಾಬೆಬ್ ಸಂಶೋಧನಾ ಕೇಂದ್ರದವರು 1962ರಿಂದಲೂ ಇಂಥ ಜೀವಗಳ ಬೆನ್ನು ಹತ್ತಿದ್ದಾರೆ. ಮಂಜು ದಿನವೂ ಬರುವುದಿಲ್ಲ, ಬರುವುದೂ ನಸುಕಿನಲ್ಲೇ. ಒಂದು ರಾತ್ರಿ ತಂಗಿ ಓಡುವವನಿಗೆ ಅದು ಸಿಕ್ಕರೆ ಅದೃಷ್ಟ.

ಉತ್ತರಕ್ಕೆ, ಡಮರಾಲ್ಯಾಂಡಿಗೆ ಹೋದಾಗ ಸಹ್ಯಾದ್ರಿಯ ಚಾರಣಿಗರಿಗೆ ಎದೆ ಝಲ್ಲೆನ್ನುವ ನೋಟವೊಂದಿದೆ. ಎಟೆಂಡೆಕಾ ಬೆಟ್ಟಗಳು: ಚಪ್ಪಟೆ ನೆತ್ತಿ, ಮೆಟ್ಟಿಲು ಮೆಟ್ಟಿಲಾದ ಇಳಿಜಾರು, ಕಂದು ಕರಿಗಲ್ಲು. ನಾಣೇಘಾಟಿನ ಗೋಡೆಯನ್ನು ಕಂಡ ಯಾರಿಗಾದರೂ ಇದು ಪರಿಚಿತ. ಕಾರಣವೂ ಒಂದೇ ಬಗೆಯದು. ನಮ್ಮ ದಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷದ ಹಿಂದಿನದು. ಅಲ್ಲಿಯದು 13 ಕೋಟಿ ವರ್ಷದಷ್ಟು ಹಳೆಯದು, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ ಬೇರ್ಪಡುವ ಹೊತ್ತಿನದು. ಅದರ ಇನ್ನೊಂದು ಪಾಲು ಅಟ್ಲಾಂಟಿಕ್ ಆಚೆ ಬ್ರೆಜಿಲ್‌ನ ಪರಾನಾದಲ್ಲಿದೆ. ನಮ್ಮಲ್ಲಿ ಹಸುರು ಮುಚ್ಚಿಟ್ಟ ಪದರಗಳನ್ನೆಲ್ಲ ಅಲ್ಲಿ ಬರಿಗಣ್ಣಿನಲ್ಲಿ ಒಂದೊಂದಾಗಿ ಎಣಿಸಬಹುದು. ಸಂಜೆಯ ಓರೆಬಿಸಿಲು ಬಿದ್ದಾಗ ಕುರ್ಚಿ ಹಾಕಿಕೊಂಡು ಎಣಿಸಿ ಎನ್ನುತ್ತೇನೆ.

ಅಡುಗೆಗೆ ಬಂದರೆ ನಮ್ಮ ಮನೆಯ ಡಬ್ಬಗಳೇ ಮೇಲು. ಹುರಿದ ರವೆ, ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಹುಣಸೆಹಣ್ಣು, ಹಪ್ಪಳ. ಒಣಗಾಳಿಯಲ್ಲಿ ಹಪ್ಪಳ ಮೆತ್ತಗಾಗುವ ಮಾತೇ ಇಲ್ಲ. ಕೆಂಡದ ಮೇಲೆ ಸುಟ್ಟರೆ ಮರುದಿನಕ್ಕೂ ಗರಿಗರಿ. ಚಪಾತಿ ಮಾತ್ರ ತಟ್ಟೆಗೆ ಬೀಳುವಷ್ಟರಲ್ಲಿ ಒಣಗುತ್ತದೆ, ಅದರ ಗೊಡವೆ ಬೇಡ. ಸೌದೆಯನ್ನು ಅಂಗಡಿಯಲ್ಲಿ ಕಟ್ಟಿನ ಲೆಕ್ಕದಲ್ಲಿ ಕೊಳ್ಳಿ. ಬಿದ್ದ ಕೊಂಬೆಯನ್ನು ಎತ್ತಬೇಡಿ, ಅದರಡಿ ಯಾರದೋ ಸಂಸಾರವಿರುತ್ತದೆ. ಚೇಳೂ ಇರುತ್ತದೆ: ಸಣ್ಣ ಕೊಂಡಿಕೈ, ದಪ್ಪ ಬಾಲದ್ದಾದರೆ ವಿಷ ಹೆಚ್ಚು. ನೀರು ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ 5 ಲೀಟರ್. ಇದರಲ್ಲಿ ಚೌಕಾಸಿ ಇಲ್ಲ.

ನೀರಿನ ಮಾತು ಬಂದಾಗ ಕಲಹಾರಿಯನ್ನು ನೆನೆಯದೆ ಇರಲಾರೆ. ನಮೀಬಿಯಾದ ನೆರೆಯ ಬೋಟ್ಸ್‌ವಾನಾದ ನಡುಭಾಗದಲ್ಲಿರುವ ಸೆಂಟ್ರಲ್ ಕಲಹಾರಿ ಮೀಸಲು ಪ್ರದೇಶ 1961ರಲ್ಲಿ ಸ್ಥಾಪನೆಯಾಯಿತು, 52,000 ಚದರ ಕಿ.ಮೀ.ಗೂ ದೊಡ್ಡದು. ಅಲ್ಲಿ ತಲೆತಲಾಂತರದಿಂದ ಇದ್ದ ಸ್ಯಾನ್ ಜನ ಕಾಡು ಕಲ್ಲಂಗಡಿಯಿಂದಲೂ ಗೆಡ್ಡೆಗಳಿಂದಲೂ ನೀರು ಪಡೆದು ಬೇಸಿಗೆ ಕಳೆಯಬಲ್ಲವರು. ಸರಕಾರ ಅವರನ್ನು ಹೊರಹಾಕಿತು. 2006ರಲ್ಲಿ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ತಮ್ಮದೇ ನೆಲದಲ್ಲಿ ಕೊಳವೆಬಾವಿ ಬಳಸುವ ಹಕ್ಕಿಗಾಗಿ ಅವರು ಮತ್ತೆ ಹೋರಾಡಿ, 2011ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು. ಡಬ್ಬಿಗಟ್ಟಲೆ ನೀರು ಹೇರಿಕೊಂಡು ಅಲ್ಲಿಗೆ ಹೋಗುವ ಪ್ರವಾಸಿಗೆ ಈ ಮೊಕದ್ದಮೆ ಗೊತ್ತಿರಬೇಕೆಂದು ನಾನು ಬಯಸುತ್ತೇನೆ.

ಕಲಹಾರಿಯಲ್ಲೇ ಇರುವ ಕ್ಗಲಗಾಡಿ ಉದ್ಯಾನ 2000ದಲ್ಲಿ ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್‌ವಾನಾ ಸೇರಿ ತೆರೆದದ್ದು. ಬೋಟ್ಸ್‌ವಾನಾ ಕಡೆಯ ಶಿಬಿರಗಳಿಗೆ ಬೇಲಿಯೇ ಇಲ್ಲ, ಸಿಂಹ ಬಂದು ಹೋಗಬಹುದು. ಅಲ್ಲಿ ಮಾತ್ರ ಗಾಡಿ ನೆತ್ತಿಯ ಟೆಂಟೇ ಸರಿ. ಚಪ್ಪಲಿ ಹೊರಗಿಟ್ಟರೆ ನರಿ ಕೊಂಡೊಯ್ಯುತ್ತದೆ. ಒಂದು ದೇಶದಿಂದ ಹೊಕ್ಕು ಇನ್ನೊಂದರಿಂದ ಹೊರಡುವವರು ಒಳಗೆ ಕನಿಷ್ಠ ಎರಡು ರಾತ್ರಿ ತಂಗಲೇಬೇಕೆಂಬುದು ಆ ಉದ್ಯಾನದ ನಿಯಮ. ಆ ನಿಯಮ ಮಾಡಿದವರಿಗೆ ನನ್ನ ನಮಸ್ಕಾರ.

ಹೊರಡುವುದಾದರೆ ಮೇ ತಿಂಗಳು ಒಳ್ಳೆಯದು. ಇಲ್ಲಿ ಶಾಲೆಗೆ ರಜೆ, ಅಲ್ಲಿ ಚಳಿಗಾಲದ ಆರಂಭ, ರಾತ್ರಿಗೆ ದಪ್ಪ ಸ್ವೆಟರ್ ಬೇಕು. ಸೆಪ್ಟೆಂಬರ್ ಕಳೆದರೆ ಬಿಸಿಲು ಸಹಿಸುವುದು ಕಷ್ಟ. ಆಡಿಸ್ ಅಬಾಬಾ ಅಥವಾ ಜೋಹಾನ್ಸ್‌ಬರ್ಗ್‌ನಲ್ಲಿ ವಿಮಾನ ಬದಲಿಸಬೇಕು. ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ ಕಲ್ಯಾಣದ ಆರ್‌ಟಿಒದಲ್ಲೇ ಸಿಗುತ್ತದೆ, ವಾಯಿದೆ ಒಂದು ವರ್ಷ. ನಮ್ಮಂತೆಯೇ ಅಲ್ಲಿಯೂ ಎಡಬದಿಯ ಸಂಚಾರ. ಮೊದಲ ಸಲಕ್ಕೆ ಸೆಸ್ರೀಮ್, ಸ್ವಾಕೊಪ್‌ಮುಂಡ್, ಸ್ಪಿಟ್ಜ್‌ಕೋಪ್, ಡಮರಾಲ್ಯಾಂಡ್, ತಲಾ ಎರಡು ರಾತ್ರಿ. ಇನ್ನೂ ಒಂದು ದಿನ ರಜೆ ಉಳಿದಿದ್ದರೆ ಪ್ರಾಣಿ ನೋಡುವ ಆಸೆಗೆ ಬಿದ್ದು ಎಟೋಷಾ ಉದ್ಯಾನವನ್ನು ತುರುಕಬೇಡಿ. ಸೆಸ್ರೀಮ್‌ನಲ್ಲಿ ಮೂರನೆಯ ರಾತ್ರಿ ಕಾದಿರಿಸಿ.