ಗುಳ್ಳಕಾಯಜ್ಜಿಯೂ ಫ್ರೆಂಚರ ಕಥೆಗಾರ್ತಿಯೂ

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ದೊಡ್ಡ ಬೆಟ್ಟವನ್ನು ಹತ್ತಿದವರು, ಸುತ್ತಾಲಯದ ಹೊರಗೆ ಗೊಮ್ಮಟನಿಗೆ ಅಭಿಮುಖವಾಗಿ ನಿಂತಿರುವ ಮುದುಕಿಯ ಶಿಲಾಮೂರ್ತಿಯನ್ನು ಕಂಡಿರಬಹುದು. ಗೊಮ್ಮಟನ ಪಾದದ ಬಳಿಯ ಶಾಸನವು ಆ ವಿಗ್ರಹವನ್ನು ಮಾಡಿಸಿದವನು ಚಾವುಂಡರಾಯನೆಂದು ಸಾರುವುದು. ಈ ಅಜ್ಜಿಯ ಹೆಸರನ್ನು ಎತ್ತುವುದಿಲ್ಲ. ಆಕೆಯ ಕಥೆಯನ್ನು ಮುಂದಿನವರು ಬರೆದಿಟ್ಟರು, ನಿಜ. ಆದರೂ ನಮ್ಮ ಮನೆಗಳಲ್ಲಿ ಅದು ಬಾಳಿಕೊಂಡು ಬಂದಿರುವುದು ಬಾಯಿಂದ ಬಾಯಿಗೆ.

ಮಂತ್ರಿಯು ಕೊಡಗಟ್ಟಲೆ ಹಾಲನ್ನೆರೆದರೂ ಅದು ಮೂರ್ತಿಯ ಪಾದಕ್ಕೆ ಇಳಿಯಲಿಲ್ಲ. ಅಜ್ಜಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ತೊಟ್ಟು ಹಾಲು ನೆತ್ತಿಯಿಂದ ಪಾದದವರೆಗೂ ಹರಿಯಿತು. ಕಥೆ ಇಷ್ಟೇ. ಆಕೆ ಕೂಷ್ಮಾಂಡಿನೀ ದೇವಿಯೆಂಬ ನಂಬಿಕೆಯುಂಟು. ಅದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಆ ಮಾತನ್ನು ಮೊದಲೇ ಹೇಳಿಬಿಟ್ಟರೆ ಕಥೆಯು ಬರಿಯ ಮಹಿಮೆಯ ವರದಿಯಾಗುವುದು. ಹಾಲು ಪಾದವನ್ನು ಮುಟ್ಟುವವರೆಗೂ ಆಕೆ ಬಡ ಮುದುಕಿಯಾಗಿಯೇ ಉಳಿದರೆ ಮಾತ್ರ ಮಂತ್ರಿಯ ಗರ್ವಭಂಗವು ಕೇಳುವವರ ಎದೆಗೆ ನಾಟುವುದು. ಹೇಳಬಲ್ಲವರು ಈ ಮರ್ಮವನ್ನು ಅರಿತಿರುವರು. ಬರೆಯುವವರು ಅನೇಕವೇಳೆ ಮರೆಯುವರು.

ಈ ಮರೆವು ನಮ್ಮಲ್ಲಿ ಮಾತ್ರವೇ ಉಂಟೆಂದು ತಿಳಿಯಬೇಕಾಗಿಲ್ಲ. ಫ್ರಾನ್ಸ್ ದೇಶದಲ್ಲಿ 1697ರಲ್ಲಿ ಅಚ್ಚಾದ ಶಾರ್ಲ್ ಪೆರೋನ ಕಥಾಸಂಗ್ರಹದ ಮುಖಚಿತ್ರದಲ್ಲಿ, ನೂಲುತ್ತ ಮಕ್ಕಳಿಗೆ ಕಥೆ ಹೇಳುವ ಮುದುಕಿಯೊಬ್ಬಳಿರುವಳು. ಚಿತ್ರದಲ್ಲಿ ಆಕೆಗೆ ಸ್ಥಾನ ದೊರೆಯಿತು; ಹೆಸರು ದೊರೆಯಲಿಲ್ಲ. ಆ ಪುಸ್ತಕದ ಕೆಂಪು ಟೋಪಿಯ ಹುಡುಗಿಯನ್ನು ತೋಳವು ನುಂಗಿಬಿಡುವುದು. ಕಡೆಗೆ ಪದ್ಯರೂಪದ ನೀತಿಯೊಂದು ಬರುವುದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಆಶೀಲ್ ಮಿಲಿಯೆನ್ ಎಂಬಾತನು ನಿವೆರ್ನೆ ಸೀಮೆಯ ಹಳ್ಳಿಗರಿಂದ ಕೇಳಿ ಬರೆದುಕೊಂಡ ಕಥೆಯಲ್ಲಾದರೋ, ಹುಡುಗಿಯು ತನ್ನ ಕಾಲಿಗೆ ಬಿಗಿದ ದಾರವನ್ನು ಬಿಚ್ಚಿ ಮರಕ್ಕೆ ಕಟ್ಟಿ, ಉಪಾಯದಿಂದ ಪಾರಾಗುವಳು. ಅಲ್ಲಿ ನೀತಿಪದ್ಯವೂ ಇಲ್ಲ. ಅದರ ಅಗತ್ಯವೂ ಇಲ್ಲ.

ಅಚ್ಚಾದ ಕಥೆಯು ಸುಳ್ಳೆಂದು ನಮ್ಮ ವಾದವಲ್ಲ. ಅದು ಹಲವು ಹೇಳಿಕೆಗಳಲ್ಲಿ ಒಂದು ಮಾತ್ರ. ಅದನ್ನೇ ಮೂಲವೆಂದು ನಂಬಿದರೆ ಉಳಿದವು ಅಳಿಯುವುವು. ಕೇಳುವ ಮಗು ಹೂಂಗುಟ್ಟಿದಷ್ಟು ಕಾಲ ಬೆಳೆಯುವುದೇ ಬಾಯಿಗತೆಯ ಸ್ವಭಾವವಲ್ಲವೆ? ಆದ್ದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಹಾಸನ, ಅರಕಲಗೂಡು, ಹೊಳೆನರಸೀಪುರಗಳ ಮನೆಮನೆಗಳ ಅಜ್ಜಿಯರು ಹೇಳುವ ಕಥೆಗಳನ್ನು ಅವರ ಮಾತಿನಲ್ಲಿಯೇ, ತಿದ್ದದೆ, ನೀತಿಯನ್ನು ಅಂಟಿಸದೆ ಬರೆದಿಡಿರಿ. ಹೇಳಿದಾಕೆ ಒಪ್ಪಿದಲ್ಲಿ ಆಕೆಯ ಹೆಸರನ್ನೂ ಮೊದಲಲ್ಲಿಯೇ ಬರೆಯಿರಿ.